ನೀರು, ಉಪ್ಪು, ಹುಳಿ: ಗ್ರೀಕ್ ವೈನ್ ಸವಿಯುವ ಹದ

ಈಜಿಪ್ಟಿನ ಆಕ್ಸಿರಿಂಕಸ್‌ನ ಹಾಳು ದಿಬ್ಬಗಳಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದು 1903ರಲ್ಲಿ ಅಚ್ಚಾಯಿತು. ಪಪೈರಸ್ ಹಾಳೆ ಕ್ರಿ.ಶ. 2ನೇ ಶತಮಾನದ್ದು. ಚಾರಿಟಿಯನ್ ಎಂಬ ಗ್ರೀಕ್ ಹೆಣ್ಣುಮಗಳು ಹಿಂದೂ ಮಹಾಸಾಗರದ ಕರಾವಳಿಯ ಅರಸನೊಬ್ಬನ ಸೆರೆಯಲ್ಲಿದ್ದಾಳೆ. ಬಿಡಿಸಲು ಬಂದ ಸಹೋದರ ಮತ್ತು ಸಂಗಡಿಗರು ಅರಸನಿಗೂ ಅವನ ಪರಿವಾರಕ್ಕೂ ವೈನ್ ಕುಡಿಸಿ, ಮತ್ತೇರಿದ ಮೇಲೆ ಅವನನ್ನು ಕಟ್ಟಿಹಾಕಿ, ಅವಳನ್ನು ಹಡಗು ಹತ್ತಿಸುತ್ತಾರೆ. ಅರಸನ ಕಡೆಯವರ ಮಾತುಗಳಲ್ಲಿ ಕನ್ನಡವಿದೆ ಎಂದು ವಿದ್ವಾಂಸ ಹುಲ್ಷ್ 1904ರಲ್ಲಿ ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಈ ಚರ್ಚೆಯನ್ನು ಮುಂದುವರಿಸಿದರು. ಬಾರ್ನೆಟ್‌ನಂಥವರು ಒಪ್ಪಲಿಲ್ಲ.

ವೈನ್ ಪ್ರಿಯನಾದ ನನಗೆ ಆ ನಾಟಕದಲ್ಲಿ ಮುಖ್ಯವೆನಿಸುವುದು ನೀರಿನ ಪ್ರಸ್ತಾಪ. ಈ ಸೀಮೆಯಲ್ಲಿ ವೈನ್ ಮಾರಾಟಕ್ಕಿಲ್ಲ, ಸಿಕ್ಕರೆ ಇಲ್ಲಿನವರು ರೂಢಿಯಿಲ್ಲದೆ ನೀರು ಬೆರೆಸದೆಯೇ ಕುಡಿದುಬಿಡುತ್ತಾರೆ ಎಂಬುದೇ ಪಾತ್ರಗಳ ಉಪಾಯ. ಗ್ರೀಕರ ಪಾಲಿಗೆ ಹಾಗೆ ಕುಡಿಯುವುದು ಒರಟುತನ. ಅವರ ಕೂಟಗಳಲ್ಲಿ ಅಗಲ ಬಾಯಿಯ ದೊಡ್ಡ ಪಾತ್ರೆಯಲ್ಲಿ ವೈನಿಗಿಂತ ಹೆಚ್ಚು ನೀರು ಸುರಿದು, ಹದ ನೋಡಿ, ಎಲ್ಲರಿಗೂ ಹಂಚುತ್ತಿದ್ದರು. ಬೆರೆಸುವ ರೂಢಿ ಈಗಿಲ್ಲ, ಹದದ ಎಚ್ಚರ ಉಳಿದಿದೆ. ಗ್ರೀಸಿನಲ್ಲಿ ಇಂದಿಗೂ ವೈನ್ ಮೇಜಿಗೆ ಬಂದರೆ ಜೊತೆಗೆ ಚಿಕ್ಕ ತಟ್ಟೆಗಳಲ್ಲಿ ತಿನಿಸು, ಕುಡಿಯಲು ನೀರು ಬರುತ್ತವೆ. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಗ್ರೀಕ್ ವೈನ್ ಅರ್ಧ ಅರ್ಥವಾದಂತೆ: ಅದು ಊಟದ ಜೊತೆಗಾರ.

ಆ ವೈನ್ ದಕ್ಷಿಣ ಭಾರತಕ್ಕೆ ಬಂದದ್ದಂತೂ ದಿಟ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ದೊರೆತ ಎರಡು ಹಿಡಿಯ ಮಣ್ಣಿನ ಜಾಡಿಗಳ ಚೂರುಗಳಲ್ಲಿ ಗ್ರೀಕ್ ದ್ವೀಪ ಕಾಸ್‌ನ ಜಾಡಿಗಳೂ ಇವೆ. ಕಾಸ್‌ನವರು ತಮ್ಮ ವೈನಿಗೆ ಸಮುದ್ರದ ನೀರು ಸೇರಿಸುತ್ತಿದ್ದರು. ಆ ಕಾಲದ ವ್ಯಾಪಾರದ ಎಳೆ ನಮ್ಮ ನೆಲವನ್ನೂ ಮುಟ್ಟಿತ್ತು. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಕವಲೊಡೆಯುವ ಹಳಿ ಹಿಡಿದು ಚಿತ್ರದುರ್ಗಕ್ಕೆ ಹೋದರೆ, ಕೋಟೆಯ ಪಕ್ಕದಲ್ಲೇ ಚಂದ್ರವಳ್ಳಿ. 1947ರಲ್ಲಿ ವೀಲರ್ ಉತ್ಖನನ ನಡೆಸಿದ ಆ ತಾಣದಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿದೆ.

ಇಂದು ಗ್ರೀಕ್ ವೈನಿನ ಪರಿಚಯ ಮಾಡಿಕೊಳ್ಳುವವರು ಸ್ಯಾಂಟೊರಿನಿ ದ್ವೀಪದ ಅಸಿರ್ಟಿಕೊ ಎಂಬ ಬಿಳಿ ವೈನಿನಿಂದ ಶುರು ಮಾಡಬೇಕು. ಸುಮಾರು 3,600 ವರ್ಷಗಳ ಹಿಂದೆ ಸಿಡಿದ ಜ್ವಾಲಾಮುಖಿಯ ಬೂದಿ, ಹಗುರ ರಂಧ್ರಗಲ್ಲು, ಇಷ್ಟೇ ಅಲ್ಲಿನ ಮಣ್ಣು. ಮಳೆ ಅಪರೂಪ. ಗಾಳಿಯಂತೂ ಬಿರುಸು, ಚಪ್ಪರ ಹಾಕಿದರೆ ಉಳಿಯದು. ಆದ್ದರಿಂದ ರೈತರು ಬಳ್ಳಿಯನ್ನು ವರ್ಷವರ್ಷವೂ ಸುತ್ತಿ ಸುತ್ತಿ ನೆಲಕ್ಕಂಟಿದ ಬುಟ್ಟಿಯಾಗಿ ಹೆಣೆಯುತ್ತಾರೆ. ಗೊನೆಗಳು ಆ ಬುಟ್ಟಿಯೊಳಗೆ ಬಿಸಿಲು ಗಾಳಿ ತಾಗದಂತೆ ಮಾಗುತ್ತವೆ. ರಾತ್ರಿ ಕಡಲಿನಿಂದ ಏಳುವ ಮಂಜಿನ ತೇವವನ್ನು ರಂಧ್ರಗಲ್ಲು ಹೀರಿಟ್ಟುಕೊಂಡು ಬೇರಿಗೆ ಕೊಡುತ್ತದೆ. 19ನೇ ಶತಮಾನದಲ್ಲಿ ಯುರೋಪಿನ ದ್ರಾಕ್ಷಿ ತೋಟಗಳನ್ನೆಲ್ಲ ತಿಂದುಹಾಕಿದ ಫಿಲಾಕ್ಸೆರಾ ಕೀಟಕ್ಕೆ ಈ ಮಣ್ಣಿನಲ್ಲಿ ಬದುಕಲಾಗಲಿಲ್ಲ. ಹೀಗಾಗಿ ಶತಮಾನ ದಾಟಿದ ಬೇರುಗಳು ಇಂದಿಗೂ ಫಲ ಕೊಡುತ್ತಿವೆ. ಹಿರಿಯೂರು, ಚಳ್ಳಕೆರೆ ಕಡೆಯ ಒಣಬೇಸಾಯ ಕಂಡವರಿಗೆ ಈ ಹೆಣಿಗೆಯ ಹಿಂದಿನ ಜಾಣ್ಮೆಯನ್ನು ಬಿಡಿಸಿ ಹೇಳಬೇಕಿಲ್ಲ.

ಬಿಸಿಲು ನಾಡಿನ ದ್ರಾಕ್ಷಿ ಮಾಗುತ್ತಾ ಹುಳಿ ಕಳೆದುಕೊಳ್ಳುವುದು ಸಾಮಾನ್ಯ. ಅಸಿರ್ಟಿಕೊ ಕಳೆದುಕೊಳ್ಳುವುದಿಲ್ಲ. ಲೋಟಕ್ಕೆ ಸುರಿದಾಗ ಪರಿಮಳ ಅಷ್ಟೇನೂ ಏಳದು. ಗುಟುಕು ಬಾಯಿಗಿಟ್ಟರೆ ಮೊದಲು ನಿಂಬೆಯ ಹುಳಿ, ಆಮೇಲೆ ಕಲ್ಲು ಉಜ್ಜಿದಾಗ ಬರುವಂಥ ವಾಸನೆ, ನುಂಗಿದ ಮೇಲೆ ತುಟಿಯಲ್ಲಿ ಉಪ್ಪು. ಮಾರಿಕಣಿವೆಯ ಮೀನನ್ನು ಅರಿಸಿನ, ಖಾರದಪುಡಿ ಹಚ್ಚಿ ಕಾವಲಿಯ ಮೇಲೆ ಹುರಿದು ಇದರ ಜೊತೆಗಿಡಿ. ಎಣ್ಣೆಯ ಜಿಡ್ಡನ್ನು ಹುಳಿ ತೊಳೆಯುತ್ತದೆ, ಮುಂದಿನ ತುತ್ತಿಗೆ ನಾಲಗೆ ಸಿದ್ಧವಾಗುತ್ತದೆ. ಮೀನು ತಿನ್ನದವರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇದೆ. ಖಾರ ಮಾತ್ರ ಮಿತವಾಗಿರಲಿ, ಅತಿ ಖಾರದ ಮುಂದೆ ಯಾವ ವೈನಿನ ರುಚಿಯೂ ಉಳಿಯದು.

ಕೆಂಪು ವೈನಿನಲ್ಲಿ ನನ್ನ ಆಯ್ಕೆ ಉತ್ತರ ಗ್ರೀಸಿನ ನೌಸಾದ ಕ್ಸಿನೊಮಾವ್ರೊ. ಬಣ್ಣ ತಿಳಿ, ಹುಳಿ ಜೋರು, ಒಗರು ಅದಕ್ಕಿಂತ ಜೋರು. ಹೊಳಲ್ಕೆರೆ ಸೀಮೆಯವರಿಗೆ ಆ ಒಗರು ಹೊಸದೇನಲ್ಲ, ಎಳೆ ಅಡಿಕೆ ಅಗಿದಾಗ ವಸಡು ಬಿಗಿಯುವಂಥದ್ದೇ. ಒಣಗಿಸಿದ ಟೊಮೆಟೊ, ಆಲಿವ್ ಕಾಯಿಯ ವಾಸನೆ ಇದರ ಗುರುತು. ಒಂದು ಗಂಟೆ ಮೊದಲೇ ಹೂಜಿಗೆ ಬಗ್ಗಿಸಿಟ್ಟರೆ ಗಾಳಿಯಾಡಿ ಮೆತ್ತಗಾಗುತ್ತದೆ. ಮುದ್ದೆ, ಮಟನ್ ಸಾರಿನ ಎದುರು ಹಿಂಜರಿಯದ ವೈನ್ ಇದು. ಅಷ್ಟು ಒಗರು ಬೇಡವೆನ್ನುವವರಿಗೆ ನೆಮಿಯಾದ ಅಯೋರ್ಯಿತಿಕೊ ಇದೆ, ಸ್ವಭಾವ ಮೃದು. ಪೈನ್ ಮರದ ರಾಳ ಹಾಕಿ ಮಾಡುವ ರೆಟ್ಸೀನಾವನ್ನು ರೂಢಿಯಾದ ಮೇಲೆ ನೋಡಿದರಾಯಿತು.

ನಮ್ಮ ಊರುಗಳ ಅಂಗಡಿಗಳಲ್ಲಿ ವೈನ್ ಎಂದರೆ ಹೆಚ್ಚಾಗಿ ಸಿಹಿ. ಆ ನಾಲಗೆಗೆ ಗ್ರೀಕ್ ವೈನಿನ ಮೊದಲ ಗುಟುಕು ಕಟುವೆನಿಸುವುದು ಸಹಜ. ಅದಕ್ಕೇ ಬರಿಬಾಯಲ್ಲಿ ಕುಡಿದು ತೀರ್ಪು ಕೊಡಬೇಡಿ. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಬಾಟಲಿ ಕೆಡುವುದು ಬೇಗ. ಕತ್ತಲೆಯ ತಂಪು ಕೋಣೆಯಲ್ಲಿ ಮಲಗಿಸಿಡಿ. ಬಿಳಿಯದನ್ನು 10ರಿಂದ 12 ಡಿಗ್ರಿಗೆ ತಣಿಸಿ. ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೇ ಬಡಿಸಿ.

ಇವು ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಅಪರೂಪ, ಆಮದು ಸುಂಕದಿಂದಾಗಿ ದುಬಾರಿ ಕೂಡ. ಹಾಗೆಂದು ಕೈಚೆಲ್ಲಬೇಡಿ, ತಳಿಯ ಹೆಸರು ಹಿಡಿದೇ ಕೇಳಿ. ಮಲಗೂಸಿಯಾ ಎಂಬ ಕಂಪಿನ ಬಿಳಿ ದ್ರಾಕ್ಷಿ 1970ರ ದಶಕದಲ್ಲಿ ಇನ್ನೇನು ಅಳಿಯುವ ಸ್ಥಿತಿಯಲ್ಲಿತ್ತು. ಪ್ರೊಫೆಸರ್ ಲೊಗೊಥೆಟಿಸ್ ಉಳಿಸಿದ ಬಳ್ಳಿಗಳಿಂದ ವೈನ್ ತಯಾರಕ ಯೆರೊವಸಿಲಿಯು ಅದನ್ನು ಮತ್ತೆ ಬೆಳೆದು ತೋರಿಸಿದರು. ಇಂದು ಗ್ರೀಸಿನ ಹಲವು ಕಡೆ ಅದರ ತೋಟಗಳಿವೆ. ಎಲ್ಲೆಡೆ ಒಂದೇ ಬಗೆಯ ಫ್ರೆಂಚ್ ತಳಿ ನೆಡುವ ಕಾಲದಲ್ಲಿ ತಮ್ಮ ನೆಲದ ಬಳ್ಳಿಯನ್ನು ಕೈಬಿಡದ ರೈತರ ಬೆನ್ನಿಗೆ ಕುಡಿಯುವವರೂ ನಿಲ್ಲಬೇಕು. ಕೇಳುವವರಿದ್ದರೆ ತರಿಸುವವರಿರುತ್ತಾರೆ, ತರಿಸುವವರಿದ್ದರೆ ಬೆಳೆಯುವವರು ಉಳಿಯುತ್ತಾರೆ.