ಎದುರಾಳಿಯ ಬಗ್ಗೆ ಬರೆದಿಡುವಾಗ

'ಅಂಜುಬುರುಕ.' 'ಹುಂಬ.' ಆನ್‌ಲೈನ್ ಪೋಕರ್ ಆಡುವ ಹಾವೇರಿ, ರಾಣೆಬೆನ್ನೂರಿನ ಗೆಳೆಯರ ಮೊಬೈಲುಗಳಲ್ಲಿ ಎದುರಾಳಿಯ ಹೆಸರಿನ ಪಕ್ಕ ಇಂಥ ಷರಾಗಳೇ ಹೆಚ್ಚು. ಇವು ಕೈಹಿಡಿಯುವುದಿಲ್ಲ. ಅಂಜಿದ್ದು ಎಷ್ಟು ಮೊತ್ತಕ್ಕೆ, ಯಾವ ಜಾಗದಲ್ಲಿ ಕುಳಿತಿದ್ದಾಗ?

ಇನ್ನೊಂದು ಷರಾ ನೋಡಿ: 'ಸರದಿಯಲ್ಲಿ ಕೊನೆಯವ. ಐದನೇ ಎಲೆ ಬಿದ್ದ ಕೂಡಲೇ ಪಾಟ್‌ಗಿಂತ ದೊಡ್ಡ ಬೆಟ್. ತೋರಿಸಿದ್ದು ಫ್ಲಶ್. ಎರಡು ಸಲ.' ಸ್ವಭಾವದ ಮೇಲೆ ತೀರ್ಪಿಲ್ಲ. ಜಾಗ, ಹೊತ್ತು, ಮೊತ್ತ, ಕಣ್ಣಾರೆ ಕಂಡ ಎಲೆ ಇವೆ. ಅದೇ ಮನುಷ್ಯ ಅದೇ ಹೊತ್ತಿನಲ್ಲಿ ಅಷ್ಟೇ ದೊಡ್ಡ ಬೆಟ್ ಇಟ್ಟರೆ ಫ್ಲಶ್‌ಗೆ ಸೋಲುವ ಎರಡು ಜೋಡಿ ಹಿಡಿದವನೂ ಮರುಗದೆ ಎಲೆ ಕೆಳಗಿಡಬಹುದು. ಎಲೆ ತೋರಿಸದೆ ಮುಗಿದ ಆಟದ ಬಗ್ಗೆ ಬರೆದದ್ದೆಲ್ಲ ಊಹೆ. ಬರೆಯಲೇಬೇಕೆಂದರೆ ಮುಂದೆ ಪ್ರಶ್ನೆಚಿಹ್ನೆ ಹಾಕಿ.

ಮುಖ ಕಾಣದ ಎದುರಾಳಿಯನ್ನು ಓದುವುದು ಈ ಜಿಲ್ಲೆಗೆ ಹೊಸದೇನಲ್ಲ. ಸೋಮವಾರ, ಗುರುವಾರ ಬ್ಯಾಡಗಿ ಎಪಿಎಂಸಿಗೆ ಹೋದರೆ ಕಾಣುತ್ತದೆ. ಖರೀದಿದಾರರು ದಲಾಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಮೆಣಸಿನಕಾಯಿ ಮುರಿದು, ಮೂಸಿ, ತೇವ ನೋಡಿ, ಒಂದೊಂದು ಲಾಟಿಗೂ ಇ-ಟೆಂಡರಿನಲ್ಲಿ ದರ ಹಾಕುತ್ತಾರೆ. ಉಳಿದವರು ಎಷ್ಟು ಹಾಕಿದ್ದಾರೆ ಎಂಬುದು ಟೆಂಡರ್ ತೆರೆಯುವವರೆಗೆ ಗುಟ್ಟು. ಹೆಚ್ಚು ಹಾಕಿದವನಿಗೆ ಮಾಲು. ವಿಪರೀತ ಹೆಚ್ಚು ಹಾಕಿದರೆ ಗೆದ್ದೂ ನಷ್ಟ. ಇಲ್ಲಿ ಪ್ರತಿಸ್ಪರ್ಧಿಯ ಗುಣಕ್ಕಿಂತ ಅವನ ಗರಜು ತಿಳಿದಿರಬೇಕು. ಮೆಣಸಿನಕಾಯಿಯ ಸತ್ವವಾದ ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಗೆ ಕೊಳ್ಳುವವನಿಗೆ ಬೇಕಾದದ್ದು ಬಣ್ಣ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರಿರುವುದೇ ಕಡಿಮೆ ಖಾರಕ್ಕೆ, ಗಾಢ ಕೆಂಪಿಗೆ. ಬಣ್ಣ ಬೇಕಾದವನು ಒಳ್ಳೆಯ ಡಬ್ಬಿ ತಳಿಯ ಲಾಟ್ ಕಂಡರೆ ದರ ಏರಿಸಿಯಾನು. ಯಾರು ಯಾವ ಮಾಲಿಗೆ ಎಲ್ಲಿಯವರೆಗೆ ಏರುತ್ತಾರೆ ಎಂಬ ಲೆಕ್ಕ ತಲೆಯಲ್ಲಿದ್ದರೂ ಅದು ಷರಾವೇ. ಟೆಂಡರ್ ತೆರೆದು ಗೆದ್ದ ದರ ಹೊರಬೀಳುವ ಗಳಿಗೆ ಪೋಕರಿನಲ್ಲಿ ಎಲೆ ತೋರಿಸುವ ಗಳಿಗೆಗೆ ಸಮ.

ಷರಾ ಬರೆಯುವವರು ಎಡವುವುದು ಸಂಖ್ಯೆಯಲ್ಲಿ. ಕೈಗೆ ಬರುವ ಮೊದಲ ಎರಡು ಎಲೆ ಜೋಡಿಯಾಗಿರುವುದು ಸರಾಸರಿ 17 ಆಟಕ್ಕೆ ಒಮ್ಮೆ. ಆದರೂ ಒಬ್ಬನಿಗೆ ಅರ್ಧ ಗಂಟೆಯಲ್ಲಿ ಮೂರು ಸಲ ಬರಬಹುದು. ಮೂರು ಸಲವೂ ಬೆಟ್ ಏರಿಸಿದವನನ್ನು 'ಹುಂಬ' ಎಂದು ಬರೆದರೆ ಅವನ ಅದೃಷ್ಟಕ್ಕೆ ಅವನ ಸ್ವಭಾವದ ಹೆಸರಿಟ್ಟಂತೆ. ಅದಕ್ಕೇ ಎಷ್ಟರಲ್ಲಿ ಎಷ್ಟು ಸಲ ಎಂಬುದೂ, ತಾರೀಖೂ ಇರಲಿ.

ಷರಾ ಇಲ್ಲದೆಯೇ ಗೆಲ್ಲಬಹುದು ಎನ್ನುವವರ ಬಳಿ ದೊಡ್ಡ ಸಾಕ್ಷಿಯಿದೆ. 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನೋಮ್ ಬ್ರೌನ್, ಟುಮಾಸ್ ಸ್ಯಾಂಡ್‌ಹೋಮ್ ರೂಪಿಸಿದ 'ಪ್ಲುರಿಬಸ್' ಎಂಬ ಪ್ರೋಗ್ರಾಂ ಆರು ಜನರ ಆಟದಲ್ಲಿ ವೃತ್ತಿಪರರನ್ನು ಮೀರಿಸಿತು. ಎದುರಾಳಿ ಯಾರೆಂದು ನೋಡಿ ಅದು ತನ್ನ ಆಟ ಬದಲಿಸಲಿಲ್ಲ. ಆದರೆ ನಮ್ಮ ಮೇಜಿನಲ್ಲಿ ಕೂರುವವರು ಮನುಷ್ಯರು. ಅವರ ತಪ್ಪುಗಳಿಗೆ ಒಂದು ಜಾಡಿರುತ್ತದೆ. ಆ ಜಾಡು ಹಿಡಿಯುವ ಸುಖಕ್ಕಾಗಿಯೇ ನನಗೆ ಈ ಆಟ ಪ್ರಿಯ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಹಾಗಾಗಿ ನಾನು ಹೇಳುವುದು ಬಿಟ್ಟಿ ಚಿಪ್ಸ್‌ನ ಮೇಜಿನ ಮಾತು. ಅಲ್ಲಿ ಅಪರಿಚಿತರು ಕಳೆದುಕೊಳ್ಳಲು ಏನೂ ಇಲ್ಲದೆ ಎಲ್ಲ ಬೆಟ್‌ಗೂ ಒಪ್ಪುತ್ತಾರೆ. ಅವರ ಷರಾ ಬರೆದು ಫಲವಿಲ್ಲ. ಅದರ ಬದಲು ಆರೇಳು ಪರಿಚಿತರು ಸೇರಿ ಖಾಸಗಿ ಮೇಜು ಹಾಕಿ, ದೀಪಾವಳಿಯಿಂದ ಯುಗಾದಿಯವರೆಗೆ ಚಿಪ್ಸ್ ಲೆಕ್ಕ ಇಟ್ಟು ಆಡಿ. ಸೋಲು ಲೆಕ್ಕಕ್ಕೆ ಸೇರುತ್ತದೆ ಎಂದಾದಾಗ ಎಲ್ಲರೂ ತಮ್ಮ ನಿಜವಾದ ಆಟ ಆಡುತ್ತಾರೆ, ಆಗ ಬರೆದ ಷರಾ ನಿಲ್ಲುತ್ತದೆ. ತಿಂಗಳಿಗೊಮ್ಮೆ ಹಳೆಯದನ್ನು ಓದಿ, ಈಗ ಹೊಂದದ್ದನ್ನು ಹೊಡೆದುಹಾಕಿ. ನಿಮ್ಮ ಬಗ್ಗೆಯೂ ಅವರು ಬರೆಯುತ್ತಿರುತ್ತಾರೆ.