ಕ್ಯಾಸೆಟ್ಟಿನಲ್ಲಿದ್ದ ಹಾಗೇ

ನಮ್ಮ ಕಡೆ ಆರ್ಕೆಸ್ಟ್ರಾದವರನ್ನು ಹೊಗಳುವುದಕ್ಕೆ ಇದ್ದದ್ದು ಒಂದೇ ಮಾತು. ‘ಕ್ಯಾಸೆಟ್ಟಲ್ಲಿ ಇದ್ದಂಗೇ ಇತ್ತು ಮಾರಾಯ್ರೆ.’ ಇದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ವಸ್ತಾರೆಯಲ್ಲಾಗಲಿ ಆಲ್ದೂರಿನಲ್ಲಾಗಲಿ ನಾನು ಕೇಳಿದವನಲ್ಲ. ಹಾಡುವವನು ರಾಜಕುಮಾರರ ಹಾಗೆ ಹಾಡಬೇಕು, ಹಾಡುವವಳು ಜಾನಕಿಯವರ ಹಾಗೆ. ಸ್ವಂತ ದನಿಯಲ್ಲಿ ಹಾಡಿದವನಿಗೆ ‘ಪರವಾಗಿಲ್ಲ’ ಎಂಬ ಪ್ರಮಾಣಪತ್ರ ಮಾತ್ರ ಸಿಗುತ್ತಿತ್ತು. ಈ ಮಾತನ್ನು ನಾವು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದೆವೆಂದರೆ, 1980ರ ದಶಕದ ಕೊನೆಯಲ್ಲಿ ಒಂದು ಇಡೀ ಮಳೆಗಾಲವನ್ನು ನಾನೂ ಒಬ್ಬ ರೈಟರೂ ಸೇರಿ, ಒಂದು ಬೇಸ್ ಗಿಟಾರು ಇನ್ನೊಂದು ಬೇಸ್ ಗಿಟಾರಿನಂತೆ ಕೇಳಿಸುವಂತೆ ಮಾಡುವುದರಲ್ಲಿ ಕಳೆದೆವು.

ರೈಟರು ಎಂದರೆ ಸಾಹಿತಿಯಲ್ಲ. ಕಾಫಿ ತೋಟದಲ್ಲಿ ಆಳುಗಳ ಹಾಜರಿ, ಬಟವಾಡೆ ಬರೆಯುವವರನ್ನು ಈ ಸೀಮೆಯಲ್ಲಿ ರೈಟರು ಎನ್ನುತ್ತಾರೆ. ನಮ್ಮ ರೈಟರು ಹಗಲು ಚೆಕ್‌ರೋಲು ಬರೆದು, ಸಂಜೆ ತೋಟದ ಲೈನಿನ ಪಕ್ಕದ ಕೋಣೆಯಲ್ಲಿ ಗಿಟಾರು ಹಿಡಿಯುತ್ತಿದ್ದರು. ಅದು ಯಾರಿಂದಲೋ ಮೂರನೇ ಕೈಗೆ ಬಂದ ಬೇಸು. ನಾಲ್ಕು ದಪ್ಪ ತಂತಿ, ನಡುವೆ ಒಂದೇ ಪಿಕಪ್ಪು. ಮಳೆಗಾಲದಲ್ಲಿ ಅದರ ಕತ್ತಿನ ಮರ ಬಾಗಿ, ತಂತಿ ಮೆಟ್ಟುಗಳಿಂದ ಅರ್ಧ ಬೆರಳು ಮೇಲೇಳುತ್ತಿತ್ತು. ಮಿಡಿದರೆ ‘ಟಂಯ್’ ಎನ್ನುತ್ತಿತ್ತು, ಬಾವಿಗೆ ತಾಮ್ರದ ಕೊಡ ಬಿದ್ದ ಹಾಗೆ.

ನಮಗೆ ಬೇಕಾಗಿದ್ದದ್ದು ‘ಗೀತಾ’ ಚಿತ್ರದ ಬೇಸು. ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ ಆ ಚಿತ್ರ ಬಂದದ್ದು 1981ರಲ್ಲಿ, ಸಂಗೀತ ಇಳಯರಾಜಾ ಅವರದು. ಆಮೇಲೆ 1983ರಲ್ಲಿ ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ಗೂ ಅವರದೇ ಸಂಗೀತ. ಈ ಎರಡು ಚಿತ್ರಗಳ ಹಾಡುಗಳಲ್ಲಿ ಬೇಸು ಸುಮ್ಮನೆ ಕೆಳಗೆ ಕೂತು ಶ್ರುತಿ ಹಿಡಿಯುವ ಕೆಲಸ ಮಾಡುವುದಿಲ್ಲ. ಅದು ನಡೆಯುತ್ತದೆ, ಹಾಡುವವರ ಮಾತಿಗೆ ಪಕ್ಕದಿಂದ ಒಂದು ಮಾತು ಸೇರಿಸುತ್ತದೆ, ಹಾಡುವವರು ಉಸಿರೆಳೆಯುವಾಗ ತಾನು ಎರಡು ಹೆಜ್ಜೆ ಹೆಚ್ಚಿಗೆ ಹಾಕುತ್ತದೆ. ಅದರ ದನಿಯೋ, ದುಂಡಗೆ, ಮೆತ್ತಗೆ, ‘ಗುಮ್’. ಕ್ಯಾಸೆಟ್ಟಿನ ರಟ್ಟಿನ ಮೇಲೆ ಹಾಡಿದವರ ಹೆಸರು, ಬರೆದವರ ಹೆಸರು ಎಲ್ಲ ಇದ್ದವು. ಬೇಸ್ ನುಡಿಸಿದವರ ಹೆಸರು ಮಾತ್ರ ಇರಲಿಲ್ಲ. ಹಾಗಾಗಿ ನಾವು ಮನುಷ್ಯನನ್ನು ಬಿಟ್ಟು ವಾದ್ಯದ ಬೆನ್ನು ಹತ್ತಿದೆವು. ಈ ತಪ್ಪು ನಮ್ಮೊಬ್ಬರದಲ್ಲ ಎಂದು ಆಮೇಲೆ ಗೊತ್ತಾಯಿತು.

ಒಂದು ಬೇಸಿಗೂ ಇನ್ನೊಂದಕ್ಕೂ ದನಿ ಯಾಕೆ ಬೇರೆ? ಎಳೆದ ತಂತಿಯನ್ನು ಮಿಡಿದಾಗ ಮೂಲ ಕಂಪನದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಮರಿಕಂಪನಗಳೂ ಏಳುತ್ತವೆ. ಯಾವ ಮರಿ ಎಷ್ಟು ಗಟ್ಟಿ ಎಂಬುದೇ ದನಿಯ ಬಣ್ಣ. ತಂತಿಯ ಮಧ್ಯದ ಕಡೆ ಮಿಡಿದರೆ ಮೂಲ ಸ್ವರ ದಪ್ಪ. ವೀಣೆಯವರು ಕುದುರೆ ಎನ್ನುವ ತುದಿಯ ಬಳಿ ಮಿಡಿದರೆ ಮರಿಗಳದೇ ಗಲಾಟೆ. ಪಿಕಪ್ಪಿನ ಜಾಗಕ್ಕೂ ಇದೇ ಲೆಕ್ಕ. ಒಂದು ಮರಿಕಂಪನ ತಂತಿಯ ಯಾವ ಬಿಂದುವಿನಲ್ಲಿ ಅಲುಗದೆ ನಿಂತಿರುತ್ತದೋ ಅಲ್ಲಿಟ್ಟ ಪಿಕಪ್ಪಿಗೆ ಅದು ಕೇಳಿಸುವುದೇ ಇಲ್ಲ. ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸಿನ ತಂತಿ 34 ಇಂಚು, ಮೈ ಗಟ್ಟಿ ಹಲಗೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ನುಡಿಸಿದ ಜರ್ಮನಿಯ ಹಾಫ್ನರ್ ಬೇಸಿನ ತಂತಿ 30 ಇಂಚು, ಮೈ ಪಿಟೀಲಿನಂತೆ ಟೊಳ್ಳು. ಇವೆರಡು ಒಂದೇ ಸ್ವರ ನುಡಿದರೂ ಒಂದೇ ಮಾತಾಡುವುದಿಲ್ಲ. ಲಿಯೋ ಫೆಂಡರ್ ಮೊದಲಿಗೆ ರೇಡಿಯೋ ರಿಪೇರಿ ಮಾಡುತ್ತಿದ್ದ ಮನುಷ್ಯ, ಗಿಟಾರು ನುಡಿಸಲು ಬರುತ್ತಿರಲಿಲ್ಲ ಎಂಬುದು ನನಗೆ ಈಗಲೂ ಇಷ್ಟವಾದ ಸಂಗತಿ.

ನಮ್ಮ ಪ್ರಯೋಗವೂ ರೇಡಿಯೋ ರಿಪೇರಿ ಅಂಗಡಿಯಿಂದಲೇ ಶುರುವಾಯಿತು. ಚಿಕ್ಕಮಗಳೂರಿನ ಒಬ್ಬರು ಟೋನ್ ಗುಂಡಿಯ ಹಿಂದಿನ ಕಂಡೆನ್ಸರ್ ತೆಗೆದು ಅದಕ್ಕಿಂತ ದೊಡ್ಡದೊಂದನ್ನು ಬೆಸುಗೆ ಹಾಕಿಕೊಟ್ಟರು. ಗುಂಡಿ ತಿರುಗಿಸಿದರೆ ಮೇಲಿನ ಮರಿಗಳೆಲ್ಲ ಆ ದಾರಿಯಲ್ಲಿ ಸೋರಿಹೋಗಿ ದನಿ ಮೆತ್ತಗಾಯಿತು. ಹೊಸ ತಂತಿ ತರಿಸುವ ಯೋಚನೆಯನ್ನು ರೈಟರು ಬಿಟ್ಟರು. ಬೆವರು, ಎಣ್ಣೆ, ಮಲೆನಾಡಿನ ತೇವ ಎಲ್ಲ ಕುಡಿದು ಸತ್ತಿದ್ದ ಹಳೆ ತಂತಿಗಳೇ ಒಳ್ಳೆಯವು ಎಂದು ಕಿವಿಗೇ ಗೊತ್ತಾಗುತ್ತಿತ್ತು. ಕೊನೆಗೆ ಉಳಿದದ್ದು ಸ್ವರದ ಬಾಲ. ಬಿಟ್ಟರೂ ಬಿಡದೆ ‘ಯ್ಯ್ಯ್’ ಎಂದು ಎಳೆಯುವ ಬಾಲ. ಒಂದು ರಾತ್ರಿ ರೈಟರು ಜೀಪಿನ ಹರಿದ ಸೀಟಿನಿಂದ ಎರಡು ಬೆರಳಗಲ ಸ್ಪಂಜು ಕಿತ್ತು, ಕುದುರೆಯ ಬಳಿ ತಂತಿಗಳ ಕೆಳಗೆ ತುರುಕಿದರು. ಮಿಡಿದರು. ‘ಗುಮ್.’

‘ಮೇಷ್ಟ್ರೇ, ಬಂತು!’

ಬಂದೇ ಬಿಟ್ಟಿತ್ತು. ಜಗತ್ತಿನಲ್ಲಿ ಯಾರೂ ಮಾಡದ್ದನ್ನು ಮಾಡಿದೆವೆಂದು ಅವತ್ತು ಹಂಡೆ ಒಲೆಯ ಮುಂದೆ ಕೂತು ಎರಡು ಸಲ ಕಾಫಿ ಕುಡಿದೆವು. ಬಹಳ ವರ್ಷಗಳ ಮೇಲೆ ಓದಿ ತಿಳಿದದ್ದು: ಫೆಂಡರ್ ಕಂಪನಿಯವರು ಹಳೆಯ ಪ್ರಿಸಿಷನ್ ಬೇಸುಗಳ ಕುದುರೆಯ ಮೇಲಿನ ತಗಡಿನ ಮುಚ್ಚಳದೊಳಗೆ ಕಾರ್ಖಾನೆಯಲ್ಲೇ ಸ್ಪಂಜು ಇಟ್ಟು ಕಳಿಸುತ್ತಿದ್ದರು!

ಗಣಪತಿ ಪೆಂಡಾಲಿನಲ್ಲಿ ಹಾಡಾಯಿತು. ಮಾರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಕಿವಿ ತೆರೆದುಕೊಂಡು ನಿಂತೆ. ಬೇಸಿನ ಬಗ್ಗೆ ಒಬ್ಬನೇ ಒಬ್ಬ ಸೊಲ್ಲೆತ್ತಲಿಲ್ಲ. ‘ಈ ಸಲ ಡ್ರಮ್ಮು ಬಾಳ ಚೆನ್ನಾಗಿತ್ತು’ ಎಂದರು ಮೂರು ಜನ. ಡ್ರಮ್ಮು ಹೋದ ವರ್ಷದ್ದೇ, ಬಡಿದವನೂ ಹೋದ ವರ್ಷದವನೇ. ನಮಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ರೈಟರು ಎರಡು ದಿನ ಗಿಟಾರು ಮುಟ್ಟಲಿಲ್ಲ.

ಆ ಮೂರು ಜನ ನಮಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದರು ಎಂದು ಒಪ್ಪಿಕೊಳ್ಳಲು ನನಗೆ ಹಲವು ವರ್ಷ ಬೇಕಾಯಿತು. ಸ್ಪಂಜು ಬದಲಿಸಿದ್ದು ಬಣ್ಣವನ್ನು ಎಂದು ನಾವು ತಿಳಿದಿದ್ದೆವು. ಅದು ಮುಖ್ಯವಾಗಿ ಬದಲಿಸಿದ್ದು ಸ್ವರದ ಉದ್ದವನ್ನು. ಪ್ರತಿ ಸ್ವರವೂ ಬೇಗ ಮುಗಿದದ್ದರಿಂದ ಅವುಗಳ ನಡುವೆ ಜಾಗವಾಯಿತು, ಆ ಜಾಗದಲ್ಲಿ ಡ್ರಮ್ಮು ಕೇಳಿಸಿತು. ‘ಗೀತಾ’ದ ಬೇಸಿನಲ್ಲಿ ನಮ್ಮನ್ನು ಸೆಳೆದದ್ದೂ ಇದೇ ಇರಬೇಕು. ಎಲ್ಲಿ ಶುರುವಾಗುತ್ತದೆ ಎನ್ನುವುದಕ್ಕಿಂತ ಎಲ್ಲಿ ಬಿಡುತ್ತದೆ ಎನ್ನುವುದು. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ನಾವು ಕ್ಯಾಸೆಟ್ಟು ಕೇಳುತ್ತಿದ್ದ ಟೇಪ್‌ರೆಕಾರ್ಡರಿನ ಅಂಗೈಯಗಲದ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರ ಹೊರಡಿಸುವ ತಾಕತ್ತೇ ಇಲ್ಲ. ಅದು ಮರಿಗಳನ್ನು ಮಾತ್ರ ನುಡಿಯುತ್ತದೆ. ಅವುಗಳ ಅಂತರ ನೋಡಿ ತಾಯಿ ಇಲ್ಲೇ ಎಲ್ಲೋ ಇರಬೇಕೆಂದು ನಮ್ಮ ಕಿವಿಯೇ ಮೂಲ ಸ್ವರವನ್ನು ಕಟ್ಟಿಕೊಳ್ಳುತ್ತದೆ. ಅಂದರೆ ನಾವು ನಕಲು ಮಾಡಹೊರಟ ಆ ‘ಗುಮ್’ನಲ್ಲಿ ಒಂದು ಪಾಲು ನಮ್ಮದೇ ಸೃಷ್ಟಿಯಾಗಿತ್ತು. ಪೆಂಡಾಲಿನ ಪಕ್ಕದ ಮಾವಿನ ಮರಕ್ಕೆ ಕಟ್ಟಿದ್ದ ಹಾರ್ನಿನಲ್ಲಂತೂ ಬೇಸು ಇತ್ತೆಂಬುದಕ್ಕೆ ಸಾಕ್ಷಿಯೇ ಇಲ್ಲ.

ಹಾಗಾದರೆ ಎಲ್ಲವೂ ಬೆರಳಿನಲ್ಲಿದೆ, ವಾದ್ಯ ಯಾವುದಾದರೇನು ಎನ್ನುವವರಿದ್ದಾರೆ. ಅದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಅದೇ ವರ್ಷ ಒಂದು ಹಿಂದಿ ಡಿಸ್ಕೊ ಹಾಡಿಗೆ ಚೂಪಾದ, ಕಿಟಕಿ ಗಾಜು ಒಡೆಯುವಂಥ ಬೇಸು ಬೇಕಾಗಿತ್ತು. ಸ್ಪಂಜು ತೆಗೆದೆವು, ಗುಂಡಿ ಪೂರ್ತಿ ತಿರುಗಿಸಿದೆವು, ರೈಟರು ಕುದುರೆಯ ಮೇಲೇ ಉಗುರಿನಲ್ಲಿ ಮಿಡಿದರು. ಬರಲಿಲ್ಲ. ಇದ್ದದ್ದನ್ನು ಕಳೆಯಬಹುದು, ಸತ್ತ ತಂತಿ ಹೊರಡಿಸದ್ದನ್ನು, ಪಿಕಪ್ಪು ಕೇಳಿಸಿಕೊಳ್ಳದ್ದನ್ನು ಯಾವ ಗುಂಡಿಯಿಂದಲೂ ತರಲಾಗುವುದಿಲ್ಲ. ಚೂಪು ದನಿಯ ವಾದ್ಯ ಮೊಂಡಾಗಬಲ್ಲದು, ಮೊಂಡು ವಾದ್ಯ ಚೂಪಾಗಲಾರದು. ಇನ್ನು ಬೆರಳಿನ ವಿಷಯ. ಅಮೆರಿಕದ ಡೆಟ್ರಾಯಿಟಿನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ಮಿಡಿಯುತ್ತಿದ್ದರು, ತಂತಿ ಬದಲಿಸುವ ಗೋಜಿಗೂ ಹೋಗುತ್ತಿರಲಿಲ್ಲ. ಅವರು ತೀರಿಕೊಂಡದ್ದು 1983ರಲ್ಲಿ. ಅದೇ ಬೇಸು, ಚಪ್ಪಟೆ ಪಟ್ಟಿ ಸುತ್ತಿದ ಅದೇ ಬಗೆಯ ತಂತಿ, ಅದೇ ಸ್ಪಂಜು, ಅದೇ ಒಂದು ಬೆರಳು ಇಟ್ಟುಕೊಂಡು ಜೇಮರ್ಸನ್ ಆಗಲು ಹೊರಟವರು ಜಗತ್ತಿನಾದ್ಯಂತ ಇದ್ದಾರೆ. ಬಣ್ಣ ಹತ್ತಿರ ಬರುತ್ತದೆ. ಆ ನಡಿಗೆ ಬರುವುದಿಲ್ಲ.

ಅನುಕರಣೆಯ ಮಾತು ಬಂದಾಗಲೆಲ್ಲ ನನಗೆ ಚಾರ್ಮಾಡಿ ಘಾಟಿಯ ಕೆಳಗಿನ ಕದ್ರಿ ಗೋಪಾಲನಾಥರು ನೆನಪಾಗುತ್ತಾರೆ. ತಂದೆ ನಾಗಸ್ವರ ವಿದ್ವಾಂಸರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಹಿಂದೆ ಬಿದ್ದರು. ನಾಗಸ್ವರ ಮರದ ಕೊಳವೆ. ಬೆರಳನ್ನು ರಂಧ್ರದ ಮೇಲೆ ಅರ್ಧ ಸರಿಸಿ, ಉಸಿರು ಬಿಗಿಮಾಡಿ ಸ್ವರವನ್ನು ಬಳುಕಿಸಬಹುದು. ಸ್ಯಾಕ್ಸೊಫೋನ್ ಹಿತ್ತಾಳೆಯದು, ರಂಧ್ರಗಳಿಗೆ ಮುಚ್ಚಳ, ಮುಚ್ಚಳಕ್ಕೆ ಕೀಲಿ. ಮುಚ್ಚಿದರೆ ಒಂದು ಸ್ವರ, ತೆರೆದರೆ ಇನ್ನೊಂದು. ಅದರಲ್ಲಿ ಗಮಕ ತರಬೇಕಾದರೆ ತುಟಿ, ಉಸಿರುಗಳನ್ನೇ ಬೇರೆ ಬಗೆಯಲ್ಲಿ ಪಳಗಿಸಬೇಕು. ಅವರು ಪಳಗಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಛೇರಿಗಳವರೆಗೆ ಹೋಗಿ ನುಡಿಸಿದರು, 2019ರಲ್ಲಿ ತೀರಿಕೊಂಡರು. ನಾನು ಗಮನಿಸಿದ್ದು ಇಷ್ಟು: ಅವರ ಸ್ಯಾಕ್ಸೊಫೋನಿನ ದನಿ ಕೊನೆಯವರೆಗೂ ಸ್ಯಾಕ್ಸೊಫೋನಿನದೇ. ಸೀವಾಳಿಯ ಆ ಕೊರೆಯುವ ದನಿಯನ್ನು ಹಿತ್ತಾಳೆಯಿಂದ ಹಿಂಡಲು ಅವರು ಹೋಗಲಿಲ್ಲ. ತೆಗೆದುಕೊಂಡದ್ದು ನಾಗಸ್ವರ ಮಾತಾಡುವ ರೀತಿಯನ್ನು, ಬಿಟ್ಟದ್ದು ಅದರ ಗಂಟಲನ್ನು. ನಾವು ಮಾಡಿದ್ದು ಇದಕ್ಕೆ ಸರಿಯಾಗಿ ಉಲ್ಟಾ. ಗಂಟಲು ಕದಿಯಲು ಹೋದೆವು. ಮಾತಿನ ರೀತಿ ಒಂದಿಷ್ಟು ಕೈಗೆ ಬಂದದ್ದು ಜೀಪಿನ ಸೀಟಿನ ಕೃಪೆಯಿಂದ.

ಈಗ ಈ ಕೆಲಸಕ್ಕೆ ಸ್ಪಂಜೂ ಬೇಡ, ಕಂಡೆನ್ಸರೂ ಬೇಡ. ಹೋದ ಗಣಪತಿ ಹಬ್ಬಕ್ಕೆ ರೈಟರ ಮೊಮ್ಮಗ ಬೆಂಗಳೂರಿನಿಂದ ಬಂದಿದ್ದ. ಗಿಟಾರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಪರದೆಯ ಮೇಲೆ ಹೆಸರು ಆರಿಸಿದ. ಒತ್ತಿದರೆ ಹಾಫ್ನರ್, ಇನ್ನೊಮ್ಮೆ ಒತ್ತಿದರೆ ಪ್ರಿಸಿಷನ್. ಯಾವ ಎತ್ತರದ ಸ್ವರ ಎಷ್ಟು ಗಟ್ಟಿ ಎಂದು ಮೊದಲೇ ಅಳೆದಿಟ್ಟ ಲೆಕ್ಕದಂತೆ ದನಿಯನ್ನು ತಿದ್ದುವುದು ಅದರ ಕೆಲಸ. ಚೆನ್ನಾಗಿಯೇ ಮಾಡುತ್ತದೆ, ಅದರಲ್ಲಿ ಕೊಂಕು ತೆಗೆಯಲು ನನ್ನ ಕಿವಿಗೆ ಆಗಲಿಲ್ಲ. ಹುಡುಗ ‘ಗೀತಾ’ದ ಹಾಡನ್ನೇ ನುಡಿಸಿದ. ರೈಟರಿಗೆ ಈಗ ಎಂಬತ್ತು ಹತ್ತಿರ. ಜಗಲಿಯಲ್ಲಿ ಕೂತು ಕೇಳಿದರು.

‘ದನಿ ಅದೇ ಕಣೋ. ಬಿಡೋದು ತಡ ಮಾಡ್ತೀಯ.’

‘ಅದಕ್ಕೂ ಒಂದು ಬಟನ್ ಇದೆ ತಾತ’ ಎಂದು ಹುಡುಗ ಪರದೆಯ ಕಡೆ ಬಾಗಿದ.

‘ಬಟನ್ ಇರ್ಲಿ. ಅಂಗೈ ಇಡು ಇಲ್ಲಿ’ ಎಂದು ರೈಟರು ಅವನ ಕೈ ಹಿಡಿದು ಕುದುರೆಯ ಬಳಿ ಇಡಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಸ್ಪೀಕರು ನಿಂತಿತು. ಹುಡುಗ ಬರೀ ತಂತಿಯಲ್ಲೇ ಮುಂದುವರಿಸಿದ, ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು. ರೈಟರು ತೊಡೆಯ ಮೇಲೆ ತಾಳ ಹಾಕುತ್ತ, ಪ್ರತಿ ಸ್ವರ ಬಿಡಬೇಕಾದ ಕಡೆ ‘ಹ್ಞಾಂ, ಈಗ’ ಎನ್ನುತ್ತಿದ್ದರು.