ಇಲ್ಲದ ಕೈಯನ್ನು ಬರೆದವರು

ಹರ್ತಿಯಲ್ಲಿ ಚಾಲುಕ್ಯರ ಕಾಲದ ಕೆತ್ತನೆಗಳಿರುವ ಪಾರ್ವತಿ-ಪರಮೇಶ್ವರ ಗುಡಿ ಇದೆ. ಊರಿನ ಮಟ್ಟಿಗೆ ಅದು ದಿನದ ಪೂಜೆಯ ಜಾಗ, ಅದರ ವಯಸ್ಸು ಯಾರಿಗೂ ದೊಡ್ಡ ಸಂಗತಿಯಲ್ಲ. ಎರಡು ಬೇಸಿಗೆಗಳ ಹಿಂದೆ, ಸಂಶೋಧನೆಯ ಕ್ಷೇತ್ರಕಾರ್ಯ ಶುರುವಾದ ಹೊಸತರಲ್ಲಿ, ಊರೊಳಗೆ ಗೋಡೆಗೆ ಒರಗಿಸಿಟ್ಟಿದ್ದ ಒಂದು ಒಡೆದ ಮೂರ್ತಿಯ ಮುಂದೆ ಕೂತು ಪೆನ್ಸಿಲ್ಲಿನಲ್ಲಿ ಅದರ ಚಿತ್ರ ಬರೆಯುತ್ತಿದ್ದೆ. ಎದುರಿನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಆಯಿಯೊಬ್ಬರು ಬಹಳ ಹೊತ್ತು ನೋಡಿ, ಎದ್ದು ಬಂದು, ನನ್ನ ಹೆಗಲ ಮೇಲಿನಿಂದ ಬಗ್ಗಿದರು.

‘ಯವ್ವಾ, ಅದಕ್ಕ ಕೈ ಎಲ್ಲೈತಿ? ನೀ ಯಾಕ ಬರದಿ?’

ನೋಡಿದರೆ ಹೌದು. ಕಲ್ಲಿನಲ್ಲಿ ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ನನ್ನ ಹಾಳೆಯಲ್ಲಿ ಮಾತ್ರ ಅದು ಪೂರ್ತಿ ಇತ್ತು, ಬೆರಳುಗಳ ಸಮೇತ. ಬೇಕೆಂದು ಬರೆದದ್ದಲ್ಲ. ಅಂಥ ನೂರು ಮೂರ್ತಿಗಳನ್ನು ಪುಸ್ತಕದಲ್ಲಿ ನೋಡಿದ್ದ ಕಣ್ಣು ಕಲ್ಲನ್ನು ನೋಡುವ ಬದಲು ನೆನಪನ್ನು ನೋಡಿ ಕೈಗೆ ಹೇಳಿಬಿಟ್ಟಿತ್ತು. ‘ನಾವು ಸಣ್ಣವರಿದ್ದಾಗಿಂದ ಅದು ಹಂಗ ಐತಿ’ ಎಂದು ಹೇಳಿ ಆಯಿ ತಮ್ಮ ಮೊರದ ಕಡೆ ಹೋದರು.

ಗದಗ ಸೀಮೆಯ ಗುಡಿಗಳನ್ನೂ ಶಾಸನಗಳನ್ನೂ ಕಳೆದ ಇನ್ನೂರು ವರ್ಷಗಳಲ್ಲಿ ಕಾಗದದ ಮೇಲೆ ಹೇಗೆ ಇಳಿಸಿಕೊಂಡರು ಎಂಬುದು ನನ್ನ ಅಧ್ಯಯನದ ವಿಷಯ. ಆ ದಿನದಿಂದ ಹಳೆಯ ನಕಲುಗಳನ್ನು, ನಕ್ಷೆಗಳನ್ನು ನೋಡುವ ನನ್ನ ರೀತಿ ಬದಲಾಯಿತು. ನಾವು ಅವುಗಳನ್ನು ‘ದಾಖಲೆ’ ಎಂದು ಕರೆದು ಅಲ್ಲಿಗೆ ನಿಲ್ಲುತ್ತೇವೆ. ಆದರೆ ಕನ್ನಡದಲ್ಲಿ ಅಕ್ಷರವನ್ನೂ ‘ಬರೆ’ಯುತ್ತೇವೆ, ಚಿತ್ರವನ್ನೂ ‘ಬರೆ’ಯುತ್ತೇವೆ. ಪ್ರಾಚೀನ ಈಜಿಪ್ಟಿನವರಿಗೂ ಹಾಗೆಯೇ: ಬರೆಯುವುದಕ್ಕೂ ಚಿತ್ರಿಸುವುದಕ್ಕೂ ಅವರಲ್ಲಿ ‘ಸೆಶ್’ ಎಂಬ ಒಂದೇ ಮಾತಿತ್ತು, ಚಿತ್ರಗಾರನನ್ನು ಅವರು ಹೊರರೇಖೆಯ ಲಿಪಿಕಾರ ಎಂದು ಕರೆದರು. ಚಿತ್ರವೂ ಬರಹವೇ ಆಗಿದ್ದರೆ ಅದನ್ನು ಒಂದು ಕೃತಿಯಂತೆ ವಿಮರ್ಶೆಗೆ ಒಳಪಡಿಸಬೇಕು. ಅದು ಏನನ್ನು ಓದಿದೆ, ಏನನ್ನು ತಪ್ಪಾಗಿ ಓದಿದೆ, ಏನನ್ನು ತಾನೇ ಸೇರಿಸಿದೆ ಎಂದು ಕೇಳಬೇಕು.

ಈಜಿಪ್ಟಿನ ಮಾತು ಬಂದದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಸ್ಮಾರಕಗಳನ್ನು ರೇಖೆಯಲ್ಲಿ ಹಿಡಿಯುವ ಕೆಲಸ ಅಲ್ಲಿ ನಡೆದಷ್ಟು ವಿಸ್ತಾರವಾಗಿ, ಅಷ್ಟು ಜಗಳಗಳೊಂದಿಗೆ ನಡೆದ ಕಡೆಗಳು ಕಡಿಮೆ. 1798ರಲ್ಲಿ ನೆಪೋಲಿಯನ್ ದಂಡೆತ್ತಿ ಹೋದಾಗ ಸೈನ್ಯದ ಜತೆ ನೂರೈವತ್ತಕ್ಕೂ ಹೆಚ್ಚು ವಿದ್ವಾಂಸರು, ಎಂಜಿನಿಯರರು, ಚಿತ್ರಗಾರರು ಹೋದರು. 1809ರಿಂದ ಸಂಪುಟ ಸಂಪುಟವಾಗಿ ಹೊರಬಂದ ‘ಈಜಿಪ್ಟಿನ ವಿವರಣೆ’ ಅವರ ಶ್ರಮದ ಫಲ. ಆ ಹಾಳೆಗಳ ಬೆಲೆ ಏನೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಎಲಿಫೆಂಟೀನ್ ದ್ವೀಪದಲ್ಲಿ ಮೂರನೆಯ ಅಮೆನ್‌ಹೋಟೆಪ್ ಕಟ್ಟಿಸಿದ್ದ ಗುಡಿಯನ್ನು ಅವರು ಅಳೆದು ಬರೆದುಕೊಂಡರು. 1822ರಲ್ಲಿ ಕಲ್ಲಿಗಾಗಿ ಅದನ್ನು ಕೆಡವಿದರು. ಇವತ್ತು ಆ ಗುಡಿ ನಿಂತಿರುವುದು ಕಾಗದದ ಮೇಲೆ ಮಾತ್ರ.

ಆದರೆ ಆ ವಿದ್ವಾಂಸರು ಗೋಡೆಯ ಮೇಲಿನ ಚಿತ್ರಲಿಪಿಯನ್ನು ನಕಲು ಮಾಡುವಾಗ ಅವರಲ್ಲಿ ಒಬ್ಬರಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಶಾಂಪೋಲಿಯೊ ಆ ಲಿಪಿಯ ಗುಟ್ಟು ಬಿಡಿಸಿದ್ದು 1822ರಲ್ಲಿ, ಎಲಿಫೆಂಟೀನಿನ ಗುಡಿ ಬಿದ್ದ ವರ್ಷವೇ. ಹಾಗಾಗಿ ಅವರ ನಕಲುಗಳಲ್ಲಿ ಹಕ್ಕಿ ಹಕ್ಕಿಯೇ, ಹಾವು ಹಾವೇ, ಅಕ್ಷರವಲ್ಲ. ಅರ್ಥ ಬೇರೆಯಾಗುವ ಎರಡು ಹಕ್ಕಿಗಳ ನಡುವಿನ ವ್ಯತ್ಯಾಸ ಅವರ ಕಣ್ಣಿಗೆ ಅಲಂಕಾರದ ವ್ಯತ್ಯಾಸವಾಗಿ ಕಂಡರೆ ಅವರನ್ನು ದೂರುವಂತಿಲ್ಲ. ಇದು ಓದಲು ಬಾರದವರ ತಪ್ಪು.

ಇದರ ಪಕ್ಕದಲ್ಲಿ ನಮ್ಮ ಸೀಮೆಯ ನಕಲನ್ನು ಇಟ್ಟು ನೋಡೋಣ. ವಾಲ್ಟರ್ ಎಲಿಯಟ್ ಎಂಬ ಕಂಪನಿಯ ಅಧಿಕಾರಿ 1824ರ ಕಿತ್ತೂರು ದಂಗೆಯಲ್ಲಿ ಸೆರೆಸಿಕ್ಕಿ ಬಿಡುಗಡೆಯಾದವನು. ಆಮೇಲೆ 1833ರವರೆಗೆ ಧಾರವಾಡದ ಕಡೆಯೇ ಇದ್ದು, ಊರೂರಿನ ಕಲ್ಲುಗಳಿಂದ ಶಾಸನಗಳನ್ನು ಪಂಡಿತರ ಕೈಯಲ್ಲಿ ನಕಲು ಮಾಡಿಸಿದ. ಹಾಗೆ ಸೇರಿದ 595 ಶಾಸನಗಳ ಆಧಾರದ ಮೇಲೆ ಅವನು 1837ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಚಾಲುಕ್ಯರ ವಂಶಾವಳಿಗೆ ಮೊದಲ ಬಾರಿಗೆ ಒಂದು ಗಟ್ಟಿ ಆಕಾರ ಬಂತು. ‘ಕರ್ನಾಟಕ ದೇಶದ ಶಾಸನಗಳು’ ಎಂಬ ಹೆಸರಿನ ಆ ಹಸ್ತಪ್ರತಿ ಸಂಪುಟಗಳನ್ನು ಮುಂದೆ ಜೆ.ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸದಲ್ಲಿ ಮತ್ತೆ ಮತ್ತೆ ಉಲ್ಲೇಖಿಸುತ್ತಾನೆ. ಉಲ್ಲೇಖಿಸುತ್ತಲೇ ಅವುಗಳನ್ನು ಪೂರ್ತಿ ನಂಬಲಾಗದು ಎಂದೂ ಭಾವಿಸುತ್ತಾನೆ.

ಯಾಕೆ ನಂಬಲಾಗದು? ನೆಪೋಲಿಯನ್ನನ ಚಿತ್ರಗಾರರಂತೆ ಇವರು ಲಿಪಿ ತಿಳಿಯದವರಲ್ಲ. ಹಳಗನ್ನಡ ಬಲ್ಲವರು, ಪ್ರಶಸ್ತಿಯ ಭಾಷೆಯ ನಡೆ ಬಲ್ಲವರು. ಸಂಶಯ ಹುಟ್ಟುವುದು ಅಲ್ಲಿಯೇ ಎಂದು ನನಗೆ ಅನಿಸುತ್ತದೆ. ಶಾಸನದ ಬಿರುದಾವಳಿ ಬಾಯಿಪಾಠವಾದವನಿಗೆ ಅರ್ಧ ಸವೆದ ಸಾಲು ಸವೆದಂತೆ ಕಾಣುವುದೇ ಇಲ್ಲ. ಮುಂದಿನ ಪದ ಯಾವುದೆಂದು ಅವನಿಗೆ ಗೊತ್ತು. ಗೊತ್ತಿರುವುದನ್ನು ಬರೆದು ಮುಂದಕ್ಕೆ ಹೋಗುತ್ತಾನೆ. ಓದಲು ಬಾರದವನು ಆಕಾರವನ್ನು ಕೆಡಿಸುತ್ತಾನೆ. ಓದಬಲ್ಲವನು ಗಾಯವನ್ನು ಮಾಯಿಸುತ್ತಾನೆ. ಮೊದಲನೆಯದು ಇಂದಲ್ಲ ನಾಳೆ ಯಾರ ಕಣ್ಣಿಗಾದರೂ ಬೀಳುತ್ತದೆ, ಎರಡನೆಯದು ಸರಿಯಾಗಿಯೇ ಕಾಣುವುದರಿಂದ ಬೀಳುವುದಿಲ್ಲ. ಹರ್ತಿಯಲ್ಲಿ ನಾನು ಬರೆದ ಕೈ ಈ ಎರಡನೆಯ ಜಾತಿಯದು.

ಫ್ಲೀಟ್ ಕಾಲದವರು ಇದಕ್ಕೆ ಕಂಡುಕೊಂಡ ಮದ್ದು ಮನುಷ್ಯನ ಕೈಯನ್ನೇ ದೂರ ಇಡುವುದು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿ ಅಚ್ಚು ತೆಗೆಯುವುದು ರೂಢಿಗೆ ಬಂತು. ಛಾಯಾಚಿತ್ರ ಬಂತು. ಇವುಗಳಿಂದ ಆದ ಉಪಕಾರ ದೊಡ್ಡದು. ಆದರೆ ಸವೆದ ಕಲ್ಲಿನ ಅಚ್ಚು ಇಟ್ಟುಕೊಂಡು ಕೂತವರಿಗೆ ಗೊತ್ತು, ಅಕ್ಷರದ ಗೀರು ಯಾವುದು, ಕಲ್ಲಿನ ಬಿರುಕು ಯಾವುದು ಎಂದು ಕಾಗದ ತಾನಾಗಿ ಹೇಳುವುದಿಲ್ಲ. ಹೇಳಬೇಕಾದವರು ಮತ್ತೆ ಓದಬಲ್ಲ ಒಬ್ಬ ಮನುಷ್ಯರೇ. ಕೈಯನ್ನು ಬಾಗಿಲಲ್ಲಿ ತಡೆದರೆ ಅದು ಕಿಟಕಿಯಿಂದ ಒಳಗೆ ಬರುತ್ತದೆ.

ಈಜಿಪ್ಟಿನಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರ ಹುಟ್ಟಿತು. ಮುಂದೆ ತುತನ್‌ಖಾಮನ್ನನ ಗೋರಿಯಿಂದ ಹೆಸರಾದ ಹೊವರ್ಡ್ ಕಾರ್ಟರ್ 1891ರಲ್ಲಿ ಹದಿನೇಳರ ಹುಡುಗನಾಗಿ ಅಲ್ಲಿಗೆ ಹೋದದ್ದು ಬೇನಿ ಹಸನ್‌ನ ಗೋರಿಗಳ ಗೋಡೆಚಿತ್ರಗಳ ಮೇಲೆ ಕಾಗದ ಹಿಡಿದು ರೇಖೆ ಎತ್ತುವ ಕೆಲಸಕ್ಕೆ. ಆ ಯಾಂತ್ರಿಕ ವಿಧಾನ ಅವನಿಗೆ ಹಿಡಿಸಲಿಲ್ಲ. 1924ರಲ್ಲಿ ಜೇಮ್ಸ್ ಬ್ರೆಸ್ಟೆಡ್ ಲಕ್ಸರಿನಲ್ಲಿ ಶುರು ಮಾಡಿದ ‘ಶಿಕಾಗೊ ಹೌಸ್’ನಲ್ಲಿ ರೂಪುಗೊಂಡ ಕ್ರಮ ಹೀಗಿತ್ತು: ಗೋಡೆಯ ಛಾಯಾಚಿತ್ರವನ್ನು ದೊಡ್ಡದು ಮಾಡಿ, ಚಿತ್ರಗಾರ ಗೋಡೆಯ ಮುಂದೆ ಕೂತು ಅದರ ಮೇಲೆಯೇ ರೇಖೆ ಬರೆಯುತ್ತಾನೆ. ಮಸಿಯಲ್ಲಿ ತಿದ್ದಿದ ಮೇಲೆ ಛಾಯಾಚಿತ್ರವನ್ನು ರಾಸಾಯನಿಕದಿಂದ ಅಳಿಸುತ್ತಿದ್ದರು, ರೇಖೆ ಮಾತ್ರ ಉಳಿಯುತ್ತಿತ್ತು. ಅದರ ಪ್ರತಿಯನ್ನು ತುಂಡು ತುಂಡಾಗಿ ಹಾಳೆಗಳಿಗೆ ಅಂಟಿಸಿಕೊಂಡು ಲಿಪಿತಜ್ಞರೊಬ್ಬರು ಗೋಡೆಗೆ ಹೋಗಿ ಒಂದೊಂದು ಗೆರೆಯನ್ನೂ ಪರೀಕ್ಷಿಸಿ, ಅಂಚಿನಲ್ಲಿ ತಕರಾರು ಬರೆಯುತ್ತಾರೆ. ಇನ್ನೊಬ್ಬರು ಆ ತಕರಾರನ್ನು ಪರೀಕ್ಷಿಸುತ್ತಾರೆ. ಚಿತ್ರಗಾರ ಮತ್ತೆ ಗೋಡೆಗೆ ಬರುತ್ತಾನೆ. ಎಲ್ಲರೂ ಒಪ್ಪಿದ ಮೇಲೆಯೇ ಅಚ್ಚಿಗೆ. ಕಲ್ಲಿನ ಒಡಕನ್ನೂ ಅಲ್ಲಿ ಸಣ್ಣ ಗೆರೆಯಲ್ಲಿ ಬರೆಯುತ್ತಾರೆ, ಒಡಕೂ ಗೋಡೆಯ ಚರಿತ್ರೆಯೇ. ನಕಲುಗಾರನ ಕೈಯನ್ನು ಇವರು ನಿಷೇಧಿಸಲಿಲ್ಲ, ಅದರ ಎದುರಿಗೆ ಇನ್ನೊಂದು ಕಣ್ಣನ್ನು ಕೂರಿಸಿದರು. ನಮ್ಮ ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಶಿಸ್ತಿಗೂ ಇದಕ್ಕೂ ಬಹಳ ದೂರವಿಲ್ಲ.

ಹಾಗಾದರೆ ಈ ಕ್ರಮವನ್ನು ಎತ್ತಿ ತಂದು ಲಕ್ಕುಂಡಿಯಲ್ಲಿ ಇಟ್ಟರಾಯಿತೆ? ಆಗುವುದಿಲ್ಲ. ಈಜಿಪ್ಟಿನ ಗುಡಿಯ ಗೋಡೆ ಒಂದು ಪುಟದಂತೆ. ಚಿತ್ರ, ಅಕ್ಷರ ಎರಡೂ ಸಮತಟ್ಟಾದ ಮೈಯಲ್ಲಿ ತುಸುವೇ ಉಬ್ಬಿ ಅಥವಾ ತುಸುವೇ ತಗ್ಗಿ ನಿಂತಿವೆ. ಬೆಳಕು ಎಡ ಮೇಲ್ಮೂಲೆಯಿಂದ ಬೀಳುತ್ತದೆ ಎಂದು ಇಟ್ಟುಕೊಂಡು ನೆರಳಿನ ಬದಿಯ ರೇಖೆಯನ್ನು ದಪ್ಪ ಮಾಡಿದರೆ ಉಬ್ಬೋ ತಗ್ಗೋ ತಿಳಿದುಹೋಗುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರನ ಗೋಡೆ ಪುಟವಲ್ಲ. ಬಳಪದ ಕಲ್ಲಿನ ಮೃದುತನವನ್ನು ನೆಚ್ಚಿ ರೂವಾರಿಗಳು ಅದನ್ನು ಒಳಗೆ ಹೊರಗೆ ಮಡಿಸಿದ್ದಾರೆ. ಕಂಬ, ಕಂಬದ ಮೇಲೆ ಪುಟ್ಟ ಗುಡಿ, ಆ ಗುಡಿಯ ಶಿಖರದ ಪಕ್ಕದಲ್ಲಿ ಇನ್ನೊಂದು. ಇಂಥದ್ದಕ್ಕೆ ಬೇರೆ ಬಗೆಯ ರೇಖೆ ಬೇಕು.

ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟವಾದ ‘ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪ’ದಲ್ಲಿ ಆರಿಸಿಕೊಂಡದ್ದು ತಳವಿನ್ಯಾಸದ ನಕ್ಷೆ. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷೆ ನೋಡಿ. ಗುಡಿಯ ಸುತ್ತ ಎಷ್ಟು ಸಲ ಬಂದರೂ ಆ ಮೂಲೆಗಳು ಕಣ್ಣಿಗೆ ಲೆಕ್ಕ ಸಿಗುವುದಿಲ್ಲ, ನೆರಳು ಬೆಳಕಿನಲ್ಲಿ ಗೋಡೆ ತಿರುಗುತ್ತಲೇ ಇರುತ್ತದೆ. ನಕ್ಷೆ ಒಂದು ಕ್ಷಣದಲ್ಲಿ ಹೇಳುತ್ತದೆ: ಗರ್ಭಗುಡಿ 24 ಮೂಲೆಗಳ ನಕ್ಷತ್ರ. ಒಂದೇ ಕೇಂದ್ರದ ಮೇಲೆ ಆರು ಚೌಕಗಳನ್ನು ಹದಿನೈದು ಹದಿನೈದು ಡಿಗ್ರಿ ತಿರುಗಿಸಿ ಇಟ್ಟರೆ ಬರುವ ಆಕೃತಿ ಇದು. ಅಲ್ಲಿ ನಿಂತು ಕಾಣಲಾಗದ್ದನ್ನು ಕಾಣಿಸುವುದರಿಂದ ಇದು ದಾಖಲೆಗಿಂತ ಹೆಚ್ಚಿನದು, ಒಳ್ಳೆಯ ವಿಮರ್ಶೆಯ ಒಂದು ವಾಕ್ಯವಿದ್ದಂತೆ. ಆದರೆ ಇಂಥ ನಕ್ಷೆಯಲ್ಲಿ ಕಾಲವಿಲ್ಲ, ಜನವಿಲ್ಲ. ಎಣ್ಣೆಯ ಜಿಡ್ಡು, ಭಕ್ತರ ಕೈ ಸೋಕಿ ನುಣುಪಾದ ಹೊಸ್ತಿಲು ಇವೆಲ್ಲ ಅದರ ವ್ಯಾಕರಣದ ಹೊರಗಿನವು.

ಆ್ಯಡಮ್ ಹಾರ್ಡಿ ಅವರ ದಾರಿ ಇನ್ನೊಂದು. ಕರ್ಣಾಟ ದ್ರಾವಿಡ ಪರಂಪರೆಯನ್ನು ಕುರಿತ 1995ರ ಪುಸ್ತಕದಲ್ಲಿ ಅವರು ಗೋಡೆಯೊಳಗೆ ಹುದುಗಿರುವ ಪುಟ್ಟ ಗುಡಿಗಳನ್ನು ರೇಖೆಯಲ್ಲೇ ಬಿಡಿಸಿ ತೋರಿಸುತ್ತಾರೆ. ಒಂದು ಗುಡಿಯೊಳಗಿಂದ ಇನ್ನೊಂದು ಮೈತಳೆದು ಹೊರಬರುವಂತೆ ಕಾಣುತ್ತದೆ. ಲಕ್ಕುಂಡಿಯನ್ನು ‘ಅತಿ ಅಲಂಕಾರ’ ಎಂದು ತಳ್ಳಿಹಾಕುವವರಿಗೆ ಈ ಚಿತ್ರಗಳೇ ಉತ್ತರ, ಅಲಂಕಾರ ಎಂದುಕೊಂಡದ್ದು ಕಟ್ಟಡದ ತರ್ಕವೇ ಆಗಿತ್ತು. ಹಾರ್ಡಿ ಅವರಿಗೆ ನಾನು ಋಣಿ. ಆದರೂ ಒಂದು ತಕರಾರು ಇದೆ. ಅವರ ರೇಖೆಗೆ ಅನುಮಾನ ಬರುವುದಿಲ್ಲ. ಅಲ್ಲಿ ಪ್ರತಿ ಗುಡಿಯೂ ಒಂದು ವಿಚಾರದ ವಿಕಾಸದಲ್ಲಿ ಒಂದು ಹೆಜ್ಜೆಯಾಗಿ, ಪರಿಪೂರ್ಣವಾಗಿ ನಿಲ್ಲುತ್ತದೆ. ಮುರಿದದ್ದು, ಕೂಡಿಸಿದ್ದು, ಅರ್ಧಕ್ಕೆ ಬಿಟ್ಟದ್ದು ಆ ವಿಚಾರದ ಹೊಳಪಿನಲ್ಲಿ ಹಿಂದೆ ಸರಿಯುತ್ತದೆ. ಅದೂ ಒಂದು ಬಗೆಯಲ್ಲಿ ಇಲ್ಲದ ಕೈಯನ್ನು ಬರೆದಂತೆಯೇ.

ಇನ್ನು ಬರೆದವರ ಹೆಸರಿನ ವಿಷಯ. ಲಂಡನ್ನಿನಲ್ಲಿರುವ ಒಂದು ವರ್ಣಚಿತ್ರವನ್ನು, ಅಚ್ಚಾದ ಪ್ರತಿಯಲ್ಲಿ, ನಾನು ಮತ್ತೆ ಮತ್ತೆ ನೋಡಿದ್ದೇನೆ. ಥಾಮಸ್ ಹಿಕ್ಕಿ 1816ರಲ್ಲಿ ಬರೆದ ಕಾಲಿನ್ ಮೆಕೆಂಝಿಯ ಚಿತ್ರ ಅದು. ಮೈಸೂರು ಸೀಮೆಯನ್ನು ಅಳೆದು, ಹಸ್ತಪ್ರತಿ, ಶಾಸನ, ಚಿತ್ರಗಳ ದೊಡ್ಡ ರಾಶಿಯನ್ನೇ ಕೂಡಿಹಾಕಿದ ಮೆಕೆಂಝಿ ಕೆಂಪು ಕೋಟಿನಲ್ಲಿ ನಡುವೆ ನಿಂತಿದ್ದಾನೆ. ಹಿಂದೆ ಗುಡ್ಡದ ಮೇಲೆ ಕಾರ್ಕಳದ ಗೊಮ್ಮಟ. ಸುತ್ತ ಮೂವರು ದೇಶೀಯರು. ಓಲೆಗರಿ ಹಿಡಿದವರನ್ನು ಸಾಮಾನ್ಯವಾಗಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಎಂದು ಗುರುತಿಸುತ್ತಾರೆ. ಹಳಗನ್ನಡ ಶಾಸನಗಳನ್ನು ಮೆಕೆಂಝಿಗೆ ಓದಿ ಹೇಳಿದವರು ಅವರು. ಓದಿದವರು ಚಿತ್ರದೊಳಗೆ ಕಾಣಿಸಿಕೊಂಡ ಅಪರೂಪದ ಗಳಿಗೆ ಇದು. ಎಲಿಯಟ್ಟನ ಸಂಪುಟಗಳಿಗೆ ಇಷ್ಟೂ ಭಾಗ್ಯವಿಲ್ಲ. ಸಂಗ್ರಹ ಎಲಿಯಟ್ಟನದೆಂದೇ ಹೆಸರಾಯಿತು, ಬಿಸಿಲಲ್ಲಿ ಕಲ್ಲಿನ ಮುಂದೆ ಕೂತು ಬರೆದ ಪಂಡಿತರು ‘ಪಂಡಿತರು’ ಎಂಬ ಬಹುವಚನದೊಳಗೆ ಕರಗಿಹೋದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಕಲ್ಲಿನ ಮೇಲೆಯೇ ಹೆಸರು ಕೊರೆದ ನಾಡಿನಲ್ಲಿ ಇದು ನಡೆದಿದೆ. ರೂವಾರಿಗಳ ಹೆಸರುಗಳನ್ನು ಗಂಭೀರವಾಗಿ ಓದಬೇಕೆಂದು ನಮಗೆ ಕಲಿಸಿದವರಲ್ಲಿ ಷ. ಶೆಟ್ಟರ್ ಪ್ರಮುಖರು. ನಕಲುಗಾರರ ವಿಷಯದಲ್ಲಿ ಆ ಕೆಲಸ ಇನ್ನೂ ಆಗಬೇಕಿದೆ.

ಇದು ಬರೀ ನ್ಯಾಯದ ಪ್ರಶ್ನೆಯಲ್ಲ, ಓದಿನ ಪ್ರಶ್ನೆಯೂ ಹೌದು. ಬರೆದವರು ಯಾರು, ಅವರಿಗೆ ಏನು ಓದಲು ಬರುತ್ತಿತ್ತು, ಏನು ಬಾಯಿಪಾಠವಿತ್ತು ಎಂದು ತಿಳಿದರೆ ಆ ನಕಲು ಎಲ್ಲಿ ತಪ್ಪಿರಬಹುದೆಂದೂ ತಿಳಿಯುತ್ತದೆ. ಹೆಸರಿಲ್ಲದ ಕೈಯ ತಪ್ಪನ್ನು ತಿದ್ದುವುದು ಕಷ್ಟ.

ಹರ್ತಿಯ ಆ ಚಿತ್ರವನ್ನು ನಾನು ಹರಿದು ಹಾಕಲಿಲ್ಲ. ನಾಲ್ಕು ದಿನ ಬಿಟ್ಟು ಅದೇ ಕಲ್ಲಿನ ಮುಂದೆ ಕೂತು ಇನ್ನೊಂದು ಬರೆದೆ. ಶಾಸನ ಸಂಪುಟಗಳಲ್ಲಿ ಸವೆದ ಅಕ್ಷರವನ್ನು ಚೌಕ ಕಂಸದೊಳಗೆ ಇಡುವಂತೆ, ಹೋದ ಅಕ್ಷರಕ್ಕೆ ಚುಕ್ಕಿ ಇಡುವಂತೆ, ಮೊಣಕೈಯ ಕೆಳಗೆ ಚುಕ್ಕಿಗೆರೆ ಎಳೆದೆ. ಆಮೇಲೆ ಅದೂ ಬೇಡವೆನಿಸಿ ಅಳಿಸಿ, ಒಡೆದ ಅಂಚನ್ನು ಇದ್ದಂತೆಯೇ ಬರೆದೆ. ಒಡಕಿನ ಆಕಾರ ಬರೆಯಲು ಬೆರಳುಗಳಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಯಾಕೆಂದರೆ ಅದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಪ್ರಬಂಧದಲ್ಲಿ ಎರಡು ಚಿತ್ರಗಳನ್ನೂ ಅಕ್ಕಪಕ್ಕ ಕೊಡಬೇಕೆಂದಿದ್ದೇನೆ. ಟಿಪ್ಪಣಿಯಲ್ಲಿ ಅಳತೆ, ದಿನಾಂಕ, ಬೆಳಕು ಇದ್ದ ದಿಕ್ಕು ಇವೆಲ್ಲ ಇವೆ. ಪರೀಕ್ಷಿಸಿದವರು ಎಂಬ ಕಡೆ, ಆ ಕಲ್ಲನ್ನು ಚಿಕ್ಕಂದಿನಿಂದ ನೋಡಿದ ಆಯಿಯೊಬ್ಬರು ಎಂದು ಬರೆದಿಟ್ಟಿದ್ದೇನೆ. ಹೆಸರು ಹಾಕಬಹುದೇ ಎಂದು ಅವರನ್ನು ಇನ್ನೂ ಕೇಳಿಲ್ಲ. ಈ ಸಲ ಊರಿಗೆ ಹೋದಾಗ ಕೇಳಬೇಕು.